ಹಿಮ್ಮಡಿ ಮಾಮ ಕಾಲೇಜು ಆರಿಸಿದ್ದು

ಸುಳ್ಳು ಹೇಳುವವನಿಗೆ ನೆನಪು ಚೆನ್ನಾಗಿರಬೇಕು ಅನ್ನುತ್ತಾರೆ. ಜಂಬ ಕೊಚ್ಚುವವನಿಗೆ ಅಷ್ಟು ಸಾಲದು, ಕಾಲೂ ಗಟ್ಟಿ ಇರಬೇಕು. ಸುಳ್ಳು ಹೇಳಿದವನು ಹೇಳಿ ಮನೆಯಲ್ಲಿ ತೆಪ್ಪಗೆ ಕೂರಬಹುದು. ಜಂಬ ಕೊಚ್ಚಿದವನು ಅದನ್ನು ನಿಜ ಮಾಡಲು ಊರೆಲ್ಲ ಅಲೆಯಬೇಕು. ಹಿಮ್ಮಡಿ ಮಾಮನಿಗೆ ಆದದ್ದು ಇದೇ.

ಮಾಮನದು ಪಾದರಕ್ಷೆಯ ಅಂಗಡಿ. ಮುಂದುಗಡೆ ಗಾಜಿನ ಬೀರು, ಬೀರುವಿನಲ್ಲಿ ಹೊಸ ಬೂಟುಗಳು. ಹಿಂದುಗಡೆ ದಪ್ಪನೆಯ ಪರದೆ, ಪರದೆಯ ಆಚೆ ರಿಪೇರಿ. ಅಂಗಡಿಯ ಬೋರ್ಡಿನಲ್ಲಿ ಮಾರಾಟದ ವಿಷಯ ಮಾತ್ರ ದೊಡ್ಡದಾಗಿ ಬರೆದಿತ್ತು. ಮಾಮ ಯಾರನ್ನೂ ಮುಖದಿಂದ ಗುರುತು ಹಿಡಿಯುವವನಲ್ಲ. “ಬೆಳಗ್ಗೆ ಎಡಗಾಲು ಒಳಕ್ಕೆ ಸವೆಸೋರು ಬಂದಿದ್ರು” ಎಂದು ಹೆಂಡತಿಗೆ ಹೇಳುವನು. ಅವಳೂ ಇಷ್ಟು ವರ್ಷ ಸಂಸಾರ ಮಾಡಿದವಳಲ್ಲವೇ, “ಓ, ಪೋಸ್ಟ್‌ಮ್ಯಾನ್ ತಮ್ಮನಾ?” ಎಂದು ಕೇಳುವಳು. ಚಪ್ಪಲಿಯ ಹಿಮ್ಮಡಿ ಎಲ್ಲಿ ಸವೆದಿದೆ ಎಂದು ನೋಡಿ ಮನುಷ್ಯನ ಗುಣ ಹೇಳಿಬಿಡುವ ಚಟ ಮಾಮನಿಗೆ. ಹೇಳಿದ್ದರಲ್ಲಿ ಅರ್ಧ ನಿಜವಾಗುತ್ತಿತ್ತು, ಉಳಿದರ್ಧವನ್ನು ಕೇಳಿದವರು ಮರೆಯುತ್ತಿದ್ದರು. ದೊಡ್ಡ ದೊಡ್ಡವರ ಹೆಸರು ಬೆಳೆದಿರುವುದೂ ಹೀಗೆಯೇ. ಒಟ್ಟಿನಲ್ಲಿ ಬೀದಿಗೆಲ್ಲ ಅವನು ಹಿಮ್ಮಡಿ ಮಾಮನಾದ.

ಅವನಿಗೆ ಒಬ್ಬಳೇ ಮಗಳು. ಮಾತು ಕಡಿಮೆ. ಅಪ್ಪ ಏನು ಕೇಳಿದರೂ “ಹ್ಞೂಂ” ಇಲ್ಲವೇ “ಊಹ್ಞೂಂ”. ಪರೀಕ್ಷೆಯಲ್ಲಿ ಒಳ್ಳೆ ಅಂಕ ಬಂದ ದಿನ ಮಾತ್ರ ಒಂದು ಪೂರ್ತಿ ವಾಕ್ಯ ಆಡಿದಳು: “ಅಪ್ಪಾ, ನಾನು ಬಿಬಿಎ ಓದ್ತೀನಿ.” ಮೂರು ಬಿಸಿನೆಸ್ ಕಾಲೇಜುಗಳಿಗೆ ತಾನೇ ಅರ್ಜಿ ಹಾಕಿದಳು. ಮೂರರಲ್ಲೂ ಸೀಟು ಸಿಕ್ಕಿತು. ಶನಿವಾರದೊಳಗೆ ಒಂದಕ್ಕೆ ಸೇರಬೇಕು, ತಪ್ಪಿದರೆ ಮೂರೂ ಹೋಗುತ್ತವೆ. ಒಂದೇ ಸಿಕ್ಕಿದ್ದರೆ ಮಾಮ ಸುಖವಾಗಿರುತ್ತಿದ್ದ. ಮೂರು ಸಿಕ್ಕಿದ್ದರಿಂದ ಯೋಚಿಸಬೇಕಾಗಿ ಬಂತು, ಯೋಚಿಸುವುದು ಅವನಿಗೆ ಅಭ್ಯಾಸವಿರಲಿಲ್ಲ.

ಆಗಲೇ ಪಕ್ಕದ ಮನೆಯ ನಿವೃತ್ತ ಬ್ಯಾಂಕ್ ಮ್ಯಾನೇಜರು ಚಹಾದ ಲೋಟ ಹಿಡಿದು ಅಂಗಡಿಗೆ ಬಂದರು. ಅವರ ಮೊಮ್ಮಗನೂ ಅದೇ ಓದಿಗೆ ಹೊರಟಿದ್ದ.

“ಏನ್ರೀ ಮಾಮ, ಯಾವ ರ‍್ಯಾಂಕಿಂಗ್ ನೋಡಿದ್ರಿ? ಪ್ಲೇಸ್‌ಮೆಂಟ್ ವಿಚಾರಿಸಿದ್ರಾ? ಫ್ಯಾಕಲ್ಟಿ ಹೇಗಂತೆ?”

ಈ ಮೂರರಲ್ಲಿ ಒಂದೂ ಮಾಮನಿಗೆ ಅರ್ಥವಾಗಲಿಲ್ಲ. ಗೊತ್ತಿಲ್ಲ ಎಂದಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಮ್ಯಾನೇಜರು ಬೀರುವಿಗೆ ಒರಗಿ ನಿಂತ ರೀತಿ ಸ್ವಲ್ಪ ಹೆಚ್ಚೇ ಮ್ಯಾನೇಜರಂತಿತ್ತು. ಮಾಮನಿಗೆ ರೇಗಿತು.

“ಅವೆಲ್ಲ ನಾನು ನೋಡಲ್ಲ ಸಾರ್. ಕಾಲೇಜು ಅಳೆಯೋಕೆ ನಂದೇ ಒಂದು ವಿಧಾನ ಇದೆ.”

“ಹೌದಾ! ಏನದು?”

“ಈಗ ಹೇಳೋ ಹಾಗಿಲ್ಲ.”

ಕೆಡಿಸಿದ್ದು ಈ ಕೊನೆಯ ಮಾತು. ಹೇಳೋ ಹಾಗಿಲ್ಲ ಎನ್ನುವವನ ಹತ್ತಿರ ಏನೋ ಇರುತ್ತದೆ ಎಂದು ನಂಬುವುದು ಲೋಕದ ರೂಢಿ. ಮಧ್ಯಾಹ್ನದ ಹೊತ್ತಿಗೆ ಮಾಮನ ಹತ್ತಿರ ಗುಟ್ಟಿನ ವಿಧಾನವಿದೆ ಎಂಬುದು ಬೀದಿಯ ಆ ತುದಿ ಮುಟ್ಟಿತು. ಸಂಜೆಗೆ ಕಾಲೇಜಿನ ಒಳಗಿನವರೇ ಅವನಿಗೆ ಸುದ್ದಿ ಕೊಡುತ್ತಾರೆ ಎಂದಾಯಿತು. ಮಾರನೆಯ ಬೆಳಗ್ಗೆ ಸುದ್ದಿ ಎದುರು ಸಾಲಿನಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದ ಅವನ ಅಕ್ಕನಿಗೆ ತಲುಪುವಾಗ, ಮಾಮ ಯಾವುದೋ ಸಮಿತಿಯ ಮೆಂಬರಾಗಿದ್ದ. ಅಕ್ಕ ಕೊರಳಲ್ಲಿ ಅಳತೆ ಟೇಪು ಹಾಕಿಕೊಂಡೇ ಬೀದಿ ದಾಟಿ ಬಂದಳು.

“ಏನೋ, ಇಷ್ಟು ದೊಡ್ಡ ಮನುಷ್ಯ ಆಗಿದೀಯ, ಒಡಹುಟ್ಟಿದೋಳಿಗೆ ಒಂದು ಮಾತು ಹೇಳಬಾರದಾ? ನನ್ನ ಮಗ ಏನು ಬೀದೀಲಿ ಬಿದ್ದಿದಾನಾ? ನೀನು ಎಲ್ಲಿ ಅಂತೀಯೋ ಅಲ್ಲಿಗೇ ಅವನ್ನೂ ಸೇರಿಸ್ತೀನಿ. ಆಮೇಲೆ ನಿನ್ನಿಷ್ಟ, ನಿನ್ನ ದೇವರಿಷ್ಟ.”

ಮಾಮ ಮನೆಯೊಳಗೆ ಹೋಗಿ ಹೆಂಡತಿಯ ಮುಂದೆ ಕೂತ. “ಈಗೇನೇ ಮಾಡೋದು?”

“ನನ್ನೇನು ಕೇಳ್ತೀರಿ? ಬಾಯಿ ಬಿಟ್ಟೋರು ನೀವು, ಈಗ ಕಾಲೂ ನೀವೇ ಎತ್ತಿ” ಎಂದು ಅವಳು ಬಟ್ಟೆ ಮಡಿಸುವುದನ್ನು ಮುಂದುವರಿಸಿದಳು.

ಎತ್ತಿದ. ಆದರೆ ಕಾಲೇಜಿನ ಒಳಗೆ ಹೋಗಿ ಕೇಳುವುದಕ್ಕೆ ಅಂಜಿಕೆ. ಅಲ್ಲಿ ಕೂತ ಹೆಣ್ಣುಮಗಳು ಕಂಪ್ಯೂಟರಿನಿಂದ ಕಣ್ಣೆತ್ತಿ “ಯೆಸ್?” ಎಂದರೆ ಏನು ಹೇಳುವುದು? ಅವನಿಗೆ ಗೊತ್ತಿದ್ದ ವಿದ್ಯೆ ಒಂದೇ. ಗೇಟಿನ ಹೊರಗೆ ಕೂತು, ಬರುವ ಹೋಗುವ ವಿದ್ಯಾರ್ಥಿಗಳ ಹಿಮ್ಮಡಿ ನೋಡುವುದು.

ಮೊದಲು ಗಾಜಿನ ಕಾಲೇಜು. ಕಟ್ಟಡದ ತುಂಬ ಗಾಜು, ಗಾಜಿನ ತುಂಬ ಆಕಾಶ. ಮಾಮ ಕಟ್ಟೆಯ ಮೇಲೆ ಕೂತು ತಲೆ ಬಗ್ಗಿಸಿದವನು ಎತ್ತಲೇ ಇಲ್ಲ. ಕಾವಲುಗಾರ ನೋಡುವಷ್ಟು ನೋಡಿ ಹತ್ತಿರ ಬಂದ.

“ಯಾರ್ರೀ ನೀವು? ಆಗಿನಿಂದ ಬರೋರ ಕಾಲು, ಹೋಗೋರ ಕಾಲು ನೋಡ್ತಾ ಕೂತಿದೀರಿ! ಏನಾದ್ರೂ ಬೀಳಿಸ್ಕೊಂಡಿದೀರಾ?”

“ಇಲ್ಲಪ್ಪ. ಮಗಳನ್ನ ಸೇರಿಸಬೇಕು. ಕಾಲೇಜು ನೋಡ್ತಿದೀನಿ.”

“ಕಾಲೇಜು ಮೇಲಿದೆ ಸ್ವಾಮಿ! ಏಳು ಮಹಡಿ! ನೀವು ನೆಲ ನೋಡ್ತಿದೀರಿ!”

“ಮೇಲಿರೋದನ್ನ ಎಲ್ರೂ ನೋಡ್ತಾರೆ” ಎಂದು ಮಾಮ ಗಂಭೀರವಾಗಿ ಹೇಳಿ, “ನಿಮ್ಮ ಮಗಳಿದ್ರೆ ಇಲ್ಲಿ ಸೇರಿಸ್ತಿದ್ರಾ?” ಎಂದು ಕೇಳಿದ.

“ನನ್ನ ಮಗಳಿಗಿನ್ನೂ ಹಲ್ಲು ಬಂದಿಲ್ಲ. ಎದ್ದು ನಡೀರಿ, ಸಾಹೇಬ್ರು ನೋಡಿದ್ರೆ ನನ್ನ ಹಲ್ಲು ಉದುರಿಸ್ತಾರೆ.”

ಅಷ್ಟರಲ್ಲಿ ಮಾಮನಿಗೆ ಬೇಕಾದದ್ದು ಸಿಕ್ಕಿತ್ತು. ಆ ಮಕ್ಕಳ ಬೂಟುಗಳೆಲ್ಲ ಹೊಚ್ಚ ಹೊಸವು, ಕೆಳಗಿನ ಅಟ್ಟೆ ಒಂದು ಚೂರೂ ಸವೆದಿಲ್ಲ. ನಡೆಯದವರು ವ್ಯಾಪಾರ ಏನು ಮಾಡಿಯಾರು ಎಂದು ಆ ಕಾಲೇಜನ್ನು ಅಲ್ಲೇ ಹೊಡೆದುಹಾಕಿದ. ಎರಡನೆಯದು ಕಲ್ಲುಕಟ್ಟಡದ ಹಳೆಯ ಕಾಲೇಜು. ಅಲ್ಲಿ ಸವೆದದ್ದು ಚಪ್ಪಲಿಯ ಮುಂದುಗಡೆಯ ತುದಿ. ಕಾಲು ಎಳೆದುಕೊಂಡು ತರಗತಿಗೆ ಹೋಗುವವರ ಲಕ್ಷಣ. ಅದೂ ಹೋಯಿತು. ಮೂರನೆಯದು ಊರಾಚೆ, ಗುಡ್ಡದ ಮೇಲೆ. ಗುಡ್ಡ ಹತ್ತುವ ಗೋಜಿಗೆ ಹೋಗದೆ ಮಾಮ ಬುಡದ ಬಸ್ ಸ್ಟಾಪಿನಲ್ಲೇ ಕೂತ. ಸಂಜೆ ಇಳಿದು ಬಂದ ಮಕ್ಕಳನ್ನು ನೋಡಿ ಅವನಿಗೆ ಮೈ ಜುಮ್ಮೆಂದಿತು. ಒಬ್ಬೊಬ್ಬರ ಹಿಮ್ಮಡಿಯೂ ಸಮವಾಗಿ, ನೇರವಾಗಿ, ದುಡಿದು ಸವೆದಿತ್ತು! ಕೆಲವರ ಅಟ್ಟೆಯಲ್ಲಿ ತೂತೇ ಬಿದ್ದಿತ್ತು. ಇದಪ್ಪಾ ಓದು ಎಂದುಕೊಂಡ. ಪೇಟೆಯೆಲ್ಲ ಸುತ್ತಿಸಿ ವ್ಯಾಪಾರ ಕಲಿಸುತ್ತಿದ್ದಾರೆ!

ಮರುದಿನ ಅಂಗಡಿಯಲ್ಲಿ ತೀರ್ಪು ಹೊರಬಿತ್ತು. ಮ್ಯಾನೇಜರು ಬಂದಿದ್ದರು, ಅಕ್ಕ ಬಂದಿದ್ದಳು, ಮಕ್ಕಳಿದ್ದವರು ಬಂದಿದ್ದರು, ಮಕ್ಕಳಿಲ್ಲದವರೂ ತಮಾಷೆ ನೋಡಲು ಬಂದಿದ್ದರು. ಮಗಳು ಮೂಲೆಯಲ್ಲಿ ಬೂಟಿನ ದಾರ ಜೋಡಿಸುತ್ತಿದ್ದಳು.

“ಗುಡ್ಡದ ಕಾಲೇಜು” ಎಂದ ಮಾಮ. “ಬೇರೆ ಮಾತಿಲ್ಲ.”

“ಅಪ್ಪಾ, ಆ ಗುಡ್ಡದ ಕಾಲೇಜಿಗೆ...” ಎಂದು ಮಗಳು ಬಾಯಿ ತೆರೆದಳು.

“ನೀನು ಸುಮ್ನಿರು ಪುಟ್ಟಿ. ದೊಡ್ಡವರು ನಿನ್ನ ಭವಿಷ್ಯದ ವಿಷಯ ಮಾತಾಡ್ತಿದೀವಿ.”

ಅವಳು ಸುಮ್ಮನಾದಳು. ಸುಮ್ಮನಾಗುವುದರಲ್ಲಿ ಅವಳಿಗೆ ಒಳ್ಳೆ ಅಭ್ಯಾಸವಿತ್ತು. ಮ್ಯಾನೇಜರು ಮಾತ್ರ, “ಪತ್ರಿಕೆಯವರೆಲ್ಲ ಗಾಜಿನ ಕಾಲೇಜಿಗೆ ಮೊದಲ ಸ್ಥಾನ ಕೊಟ್ಟಿದಾರಲ್ರೀ” ಎಂದು ರಾಗ ಎಳೆದರು. ಮಾಮ ಮರುಕದಿಂದ ನಕ್ಕ. ಆ ನಗುವಿಗೆ ಮ್ಯಾನೇಜರೂ ಸೋತರು. ಶುಕ್ರವಾರ ಗುಡ್ಡದ ಕಾಲೇಜಿನವರು ಹೊಸ ಮಕ್ಕಳಿಗೂ ಹೆತ್ತವರಿಗೂ ಒಂದು ಮಾದರಿ ತರಗತಿ ಇಟ್ಟುಕೊಂಡಿದ್ದರು. ಬೀದಿಗೆ ಬೀದಿಯೇ ಹೊರಟಿತು.

ಬಸ್ಸು ಗುಡ್ಡದ ಬುಡದಲ್ಲಿ ಎಲ್ಲರನ್ನೂ ಸುರಿದು ತಿರುಗಿ ಹೋಯಿತು. ಮುಂದೆ ನಡಿಗೆ. ರಸ್ತೆಯೆಂದರೆ ಬರೀ ಚೂಪು ಜಲ್ಲಿ. ಅರ್ಧ ದಾರಿಯಲ್ಲೇ ಮ್ಯಾನೇಜರ ಉಸಿರು ಅವರಿಗಿಂತ ಮುಂದೆ ಹೋಗತೊಡಗಿತು. ಅಕ್ಕ ಒಂದೊಂದು ತಿರುವಿನಲ್ಲೂ ನಿಂತು, ತಮ್ಮನ ಬೆನ್ನು ನೋಡಿ ಹಲ್ಲು ಕಡಿದಳು. ಮೇಲೆ ಮುಟ್ಟಿದಾಗ ಬಾಗಿಲಲ್ಲಿ ಕಾಲೇಜಿನ ಗುಮಾಸ್ತ ಕೈಮುಗಿದು ನಿಂತಿದ್ದ.

“ಕ್ಷಮಿಸಬೇಕು, ಎಲ್ರಿಗೂ ತೊಂದರೆ ಆಯ್ತು. ನಮ್ಮ ಕಾಲೇಜು ಬಸ್ಸು ಕೆಟ್ಟು ವರ್ಷಗಳೇ ಆದ್ವು. ಪಾಪ, ಮಕ್ಕಳೂ ದಿನಾ ಹೀಗೇ ಹತ್ತಿ ಇಳೀತಾರೆ. ಚಪ್ಪಲಿ ಅನ್ನೋದು ಇಲ್ಲಿ ನಿಲ್ಲಲ್ಲ ನೋಡಿ.”

ಎಲ್ಲರೂ ಮಾಮನ ಕಡೆ ತಿರುಗಿದರು. ಅವನ ವಿಧಾನ ಏನೆಂದು ಹೆಂಡತಿ ಅಷ್ಟರಲ್ಲಿ ಅಕ್ಕನಿಗೂ, ಅಕ್ಕ ಇಡೀ ಬೀದಿಗೂ ಹೇಳಿಯಾಗಿತ್ತು.

“ಭೇಷ್!” ಎಂದರು ಮ್ಯಾನೇಜರು, ಕಂಬ ಹಿಡಿದುಕೊಂಡು. “ಬಸ್ಸು ಕೆಟ್ಟಿದೆ ಅನ್ನೋದನ್ನ ವೈಜ್ಞಾನಿಕವಾಗಿ ಕಂಡುಹಿಡಿದಿದೀರಿ.”

“ನನ್ನ ಮಂಡಿ ನೋಡೋ, ನನ್ನ ಮಂಡಿ!” ಎಂದಳು ಅಕ್ಕ. “ನಾಳೆ ಗಾಜಿನ ಕಾಲೇಜಿಗೆ ಸೇರಿಸ್ತೀನಿ ನನ್ನ ಮಗನ್ನ. ಅಲ್ಲಿ ಲಿಫ್ಟ್ ಇದೆ.”

ಮಾಮನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಬಂದದ್ದಾಯಿತು, ಕೂತು ಸುಧಾರಿಸಿಕೊಂಡು ಹೋಗೋಣವೆಂದು ಎಲ್ಲರೂ ತರಗತಿಯೊಳಗೆ ನುಗ್ಗಿದರು. ಮಕ್ಕಳು ಮುಂದಿನ ಬೆಂಚುಗಳಲ್ಲಿ, ಹೆತ್ತವರು ಹಿಂದೆ. ಮಾಮ ಎಲ್ಲರಿಗಿಂತ ಹಿಂದೆ, ಗೋಡೆಗೆ ಅಂಟಿಕೊಂಡು.

ಪಾಠ ಮಾಡುವಾಕೆ ಭಾಷಣ ಮಾಡಲಿಲ್ಲ. ಮೇಜಿನ ಅಂಚಿಗೆ ಒರಗಿ, “ನಿಮಗೆ ಚೆನ್ನಾಗಿ ಗೊತ್ತಿರೋ ಒಂದು ವ್ಯಾಪಾರ ಹೇಳಿ. ಅದರಲ್ಲಿ ಏನು ತಪ್ಪಾಗ್ತಿದೆ, ಹೇಳಿ” ಎಂದರು.

ಮ್ಯಾನೇಜರ ಮೊಮ್ಮಗ ಎದ್ದು ವಿಮಾನ ಕಂಪನಿಗಳ ನಷ್ಟದ ಬಗ್ಗೆ ಮಾತಾಡಿದ.

“ವಿಮಾನದಲ್ಲಿ ಕೂತಿದೀಯಾ?”

“ಇಲ್ಲ ಮಿಸ್.”

“ಗೊತ್ತಿರೋದು ಹೇಳು ಅಂದೆನಲ್ಲಪ್ಪ. ಕೂತ್ಕೋ. ನೀನಮ್ಮ?”

ಮಾಮನ ಮಗಳು ಎದ್ದಳು. ಪಾಪ, ಹ್ಞೂಂ ಅಂದು ಕೂತುಬಿಡುತ್ತಾಳೆ ಎಂದು ಮಾಮ ಕಣ್ಣು ಮುಚ್ಚಿಕೊಂಡ.

“ಒಂದು ಪಾದರಕ್ಷೆ ಅಂಗಡಿ ಇದೆ ಮಿಸ್. ಅದರ ಯಜಮಾನರಿಗೆ ತಾವು ಯಾವ ವ್ಯಾಪಾರ ಮಾಡ್ತಿದೀವಿ ಅಂತಲೇ ಗೊತ್ತಿಲ್ಲ.”

ತರಗತಿ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವನು ಮಾಮ. ಮುಂದೆ ಕೂತ ಮ್ಯಾನೇಜರ ಹೆಗಲು ತಟ್ಟಿ, “ನಮ್ಮ ಕಸುಬಿನಲ್ಲಿ ಇಂಥ ಪೆದ್ದರು ಬಹಳ ಜನ ಇದಾರೆ ಸಾರ್” ಎಂದ. ಮ್ಯಾನೇಜರು ಹಿಂತಿರುಗಿ ಅವನನ್ನೇ ನೋಡಿದರು.

“ಅವರು ಹೊಸ ಬೂಟು ಮಾರ್ತೀನಿ ಅಂದ್ಕೊಂಡಿದಾರೆ” ಎಂದು ಮಗಳು ಮುಂದುವರಿಸಿದಳು. “ಹೊಸದು ಕೊಳ್ಳೋಕೆ ಯಾರಾದ್ರೂ ಬಂದ್ರೆ ಅವರ ಹಳೇ ಜೋಡು ಕೈಗೆ ತಗೊಂಡು, ‘ಇದಕ್ಕೇನಾಗಿದೆ? ಒಂದು ಅಟ್ಟೆ ಹಾಕಿಕೊಡ್ತೀನಿ, ಇನ್ನೆರಡು ವರ್ಷ ಬರುತ್ತೆ’ ಅಂತಾರೆ. ಬೀರುವಿನ ಬೂಟು ಬಿಸಿಲಿಗೆ ಬಣ್ಣ ಬಿಟ್ಟಿವೆ. ಜನ ಬರೋದೆಲ್ಲ ರಿಪೇರಿಗೆ, ದೂರದಿಂದ ಬರ್ತಾರೆ. ಆದ್ರೆ ರಿಪೇರಿ ಮಾತ್ರ ಪರದೆ ಹಿಂದೆ, ಕದ್ದು ಮಾಡೋ ಕೆಲಸದ ಹಾಗೆ. ಅವರು ಆ ಬೀರು ತೆಗೆದು, ತಮಗೆ ಚೆನ್ನಾಗಿ ಬರೋ ಕೆಲಸನ ಮುಂದೆ ಇಡಬೇಕು ಮಿಸ್.”

ಮಾಮನ ನಗು ನಿಂತುಹೋಗಿತ್ತು. ಮಗಳು ಇಷ್ಟೊಂದು ಮಾತಾಡಿದ್ದನ್ನು ಅವಳು ಹುಟ್ಟಿದಾಗಿನಿಂದ ಅವನು ಕೇಳಿರಲಿಲ್ಲ. ಅದೂ ಕೇಳಿದ್ದು ಇದನ್ನು! ಎದೆಯಲ್ಲಿ ನೋವು, ಸಿಟ್ಟು, ನಾಚಿಕೆ ಮೂರೂ ಒಟ್ಟಿಗೆ ಎದ್ದವು. ಅವನೂ ಎದ್ದ.

“ಮೇಡಂ, ನಾನೊಂದು ಮಾತಾಡಬಹುದಾ? ಆ ಯಜಮಾನರು ನಂಗೆ ಸ್ವಲ್ಪ ಪರಿಚಯ.”

“ಮಾತಾಡಿ, ಮಾತಾಡಿ.”

“ಅವರು ಅಷ್ಟೊಂದು ದಡ್ಡರಲ್ಲ. ಪರದೆ ಹಾಕಿದ್ದಕ್ಕೆ ಕಾರಣ ಇದೆ. ಅವರಿಗೊಬ್ಬಳು ಮಗಳು. ಅವಳು ಚಿಕ್ಕವಳಿದ್ದಾಗ ಅಂಗಡೀಲೇ ಆಡ್ಕೊಂಡಿರೋಳು. ಒಂದಿನ ಅವಳ ಶಾಲೆ ಗೆಳತಿ ಬಂದು, ‘ನಿಮ್ಮಪ್ಪ ಊರವರ ಹಳೇ ಚಪ್ಪಲೀನೆಲ್ಲ ಮುಟ್ತಾರಾ?’ ಅಂತ ಕೇಳಿದ್ಲು. ಆ ಮಗು ಬಾಯಿ ಬಿಡ್ಲಿಲ್ಲ. ತಲೆ ಬಗ್ಗಿಸ್ಕೊಂಡು ನಿಂತ್ಕೊಂಡ್ಲು. ಮಾರನೇ ದಿನವೇ ಯಜಮಾನರು ಪರದೆ ತಂದ್ರು, ಬೀರೂ ತಂದ್ರು. ಇದು ವ್ಯಾಪಾರ ಅಲ್ಲ ಮೇಡಂ. ಇದು ನಿಮ್ಮ ಪಾಠದಲ್ಲಿ ಬರಲ್ಲ.”

ಮಗಳು ಪೂರ್ತಿ ಹಿಂದಕ್ಕೆ ತಿರುಗಿ ನಿಂತಳು.

“ಆ ಮಗು ಬಾಯಿ ಬಿಡ್ಲಿಲ್ಲ ಅಂದ್ರೆ, ಅಪ್ಪನ್ನ ನೋಡಿ ನಾಚಿಕೆ ಆಯ್ತು ಅಂತ ಯಜಮಾನರಿಗೆ ಹೇಳಿದ್ಯಾರು?”

“ಮತ್ತಿನ್ನೇನಮ್ಮ ಅರ್ಥ?”

“ಅದರ ಬಾಯಲ್ಲಿ ಮೊಳೆ ಇತ್ತು!”

“ಏನು?”

“ಮೊಳೆ! ಅಟ್ಟೆ ಹೊಡೆಯೋವಾಗ ಯಜಮಾನರು ಸಣ್ಣ ಮೊಳೆಗಳನ್ನ ತುಟಿ ಮಧ್ಯೆ ಇಟ್ಕೊಂಡು, ಒಂದೊಂದೇ ತೆಗೆದು ಹೊಡೀತಾರಲ್ಲ, ಹಾಗೆ. ಅವರ ಥರಾನೇ ಮಾಡ್ತಾ ಆಡ್ತಿದ್ಲು. ಬಾಯಿ ಬಿಟ್ರೆ ಮೊಳೆ ನುಂಗಿಬಿಡ್ತೀನಿ ಅಂತ ಹೆದರಿ, ತಲೆ ಬಗ್ಗಿಸಿ ಒಂದೊಂದೇ ಉಗುಳ್ತಿದ್ಲು. ‘ಹೌದು, ನಮ್ಮಪ್ಪ ಮುಟ್ತಾರೆ, ಮುಟ್ಟಿದ್ದನ್ನೆಲ್ಲ ಸರಿ ಮಾಡ್ತಾರೆ’ ಅಂತ ಹೇಳೋಷ್ಟರಲ್ಲಿ ಆ ಗೆಳತಿ ಹೊರಟೇಹೋಗಿದ್ಲು. ಮಾರನೇ ದಿನ ಪರದೆ ಬಂತು. ಆಮೇಲೆ ಆ ಮಗಳನ್ನ ಯಜಮಾನರು ಪರದೆ ಒಳಗೆ ಬಿಡಲೇ ಇಲ್ಲ. ಎಷ್ಟು ಅತ್ರೂ ಬಿಡ್ಲಿಲ್ಲ. ನಾನೇನು ತಪ್ಪು ಮಾಡ್ದೆ ಅಂತ ಅವಳಿಗೆ ಈಗಲೂ ಗೊತ್ತಿಲ್ಲ.”

ಯಾರೂ ನಗಲಿಲ್ಲ. ಇಷ್ಟು ವರ್ಷ ಒಬ್ಬರಿಗೊಬ್ಬರು ಹೇಳಿಕೊಳ್ಳದ್ದನ್ನು ಅಪ್ಪ ಮಗಳು ಊರ ಮುಂದೆ, ಮೂರನೆಯವರ ಸಂಸಾರವೆಂಬಂತೆ, ಹೇಳಿ ಮುಗಿಸಿದ್ದರು. ಮನುಷ್ಯನಿಗೆ ತನ್ನ ಕಥೆ ಹೇಳಲು ಕೆಲವು ಸಲ ಇನ್ನೊಬ್ಬನ ಹೆಸರು ಬೇಕಾಗುತ್ತದೆ.

“ಇಬ್ಬರಿಗೂ ಆ ಅಂಗಡಿ ಇಷ್ಟು ಚೆನ್ನಾಗಿ ಹೇಗೆ ಗೊತ್ತು?” ಎಂದು ಪಾಠ ಮಾಡುವಾಕೆ ಮೆಲ್ಲಗೆ ಕೇಳಿದರು.

ಅಕ್ಕನಿಗೆ ತಡೆಯಲಾಗಲಿಲ್ಲ. “ಅಯ್ಯೋ, ಅವರಪ್ಪ ಮಗಳು ಮೇಡಂ! ಆ ಯಜಮಾನ ಇವನೇ! ನನ್ನ ತಮ್ಮ!” ಎಂದು ಅತ್ತುಕೊಂಡೇ ಕೂಗಿದಳು. ಮ್ಯಾನೇಜರು ಕನ್ನಡಕ ತೆಗೆದು ಒರೆಸಿದರು, ಒರೆಸಿದ್ದನ್ನೇ ಮತ್ತೆ ಒರೆಸಿದರು.

“ಈಗ ಆ ಯಜಮಾನರು ಏನು ಮಾಡಬೇಕು ಅಂತೀರಿ?” ಎಂದು ಆಕೆ ಮಾಮನನ್ನು ಕೇಳಿದರು.

“ಗೊತ್ತಿಲ್ಲ ಮೇಡಂ” ಎಂದ ಮಾಮ. ಆ ವಾರದಲ್ಲಿ ಅವನು ಆಡಿದ ಮೊದಲ ನೇರವಾದ ಮಾತು ಅದು. ಆಡಿದ ಮೇಲೆ ಅಂಥ ಕಷ್ಟವೇನೂ ಅನ್ನಿಸಲಿಲ್ಲ.

ತರಗತಿ ಮುಗಿದು ಎಲ್ಲರೂ ಅಂಗಳಕ್ಕೆ ಬಂದರು. ಮ್ಯಾನೇಜರು ಹತ್ತಿರ ಬಂದು, ದನಿ ತಗ್ಗಿಸಿ, “ಮಾಮ, ನಿಜ ಹೇಳಿ. ಹಾಗಾದ್ರೆ ಕೊನೆಗೆ ಯಾವ ಕಾಲೇಜು ಒಳ್ಳೇದು?” ಎಂದರು. ಜನ ಒಮ್ಮೆ ಒಬ್ಬನನ್ನು ಪಂಡಿತನೆಂದು ನಂಬಿದರೆ, ಅವನು ಬೇಡವೆಂದರೂ ಬಿಡುವುದಿಲ್ಲ.

“ನನ್ನನ್ನ ಕೇಳಬೇಡಿ ಸಾರ್. ನಾನು ಕೇಳಬೇಕಾದವರನ್ನೇ ಇನ್ನೂ ಕೇಳಿಲ್ಲ” ಎಂದು ಹೇಳಿ ಮಾಮ ಮಗಳ ಕಡೆ ನಡೆದ. ಅವಳು ಮೆಟ್ಟಿಲಿನ ಕೊನೆಯಲ್ಲಿ ಒಬ್ಬಳೇ ನಿಂತಿದ್ದಳು. ಹೇಳಬಾರದ್ದನ್ನು ಹೇಳಿದೆನೇನೋ ಎಂಬ ಭಯ ಈಗ ಅವಳ ಮುಖದಲ್ಲಿತ್ತು.

“ಅಪ್ಪಾ, ಬೇಜಾರಾಯ್ತಾ?”

“ಆಯ್ತು” ಎಂದ ಮಾಮ. “ತುಂಬಾ ಆಯ್ತು. ನೀನು ಪರದೆ ಮುಂದೆ ನಿಂತು ಅತ್ತಿದ್ದು ನಂಗೆ ನೆನಪಿದೆ ಪುಟ್ಟಿ. ನಿನ್ನ ಒಳ್ಳೇದಕ್ಕೇ ಅಂದ್ಕೊಂಡಿದ್ದೆ.”

ಅವಳು ಅಪ್ಪನ ತೋಳು ಹಿಡಿದುಕೊಂಡಳು. ಕಾವಲುಗಾರನ ಅಭಿಪ್ರಾಯವನ್ನೂ ಕೇಳಿದ್ದ ಮಾಮ, ಮೊದಲೇ ಕೇಳಬೇಕಾದವಳನ್ನು ಕೊನೆಯಲ್ಲಿ ಕೇಳಿದ.

“ನಿಂಗೆ ಯಾವ ಕಾಲೇಜು ಬೇಕು?”

“ಇದೇ. ಅವತ್ತು ಅಂಗಡೀಲಿ ಅದನ್ನೇ ಹೇಳಕ್ಕೆ ಹೊರಟಿದ್ದೆ. ಆ ಗುಡ್ಡದ ಕಾಲೇಜಿಗೆ ಬಸ್ಸಿಲ್ಲ, ಆದ್ರೂ ನಂಗೆ ಅದೇ ಬೇಕು ಅಂತ. ಅರ್ಜಿ ಹಾಕೋಕೆ ಬಂದಾಗ ಇಲ್ಲಿನವರು ನನ್ನನ್ನ ಮಾತಾಡಿಸಿದ್ರು. ಗಾಜಿನ ಕಾಲೇಜಲ್ಲಿ ಒಂದು ಸಿನಿಮಾ ತೋರಿಸಿ ಕಳಿಸಿದ್ರು.”

“ಮೂರು ವರ್ಷ ಈ ಜಲ್ಲಿ ಹತ್ತಿಳಿಯಬೇಕು. ತಿಂಗಳಿಗೊಂದು ಅಟ್ಟೆ ಹೋಗುತ್ತೆ ನೋಡು.”

“ಹೋದ್ರೆ ನಾನೇ ಹೊಡ್ಕೋತೀನಿ” ಎಂದಳು ಮಗಳು. ಆಮೇಲೆ ಅಪ್ಪನ ಮುಖ ನೋಡದೆ, ಸಣ್ಣಗೆ ಕೇಳಿದಳು: “ಕಲಿಸಿಕೊಡ್ತೀಯಾ?”

ಮಾಮ ಕೆಮ್ಮಿದ. ಪಂಚಾಯ್ತಿಗೆ ಬಂದವನಂತೆ ಗಂಭೀರವಾಗಿ ತಲೆ ಆಡಿಸಿದ.

“ಕಲಿಸ್ತೀನಿ” ಎಂದ. “ಆದ್ರೆ ಮೊಳೆ ಬಾಯಲ್ಲಿ ಇಟ್ಕೋಬೇಡ ಪುಟ್ಟಿ. ಕೈಯಲ್ಲಿ ಇಟ್ಕೋ. ನಿನ್ನ ಬಾಯಿ ಖಾಲಿ ಇರಲಿ.”